ಮಾರಾಟವಾಗದ ಪುಸ್ತಕದ ನಷ್ಟ ಯಾರ ತಲೆಗೆ? ವಾಪಸು ಬಂದ ಹನ್ನೊಂದು ಪೆಟ್ಟಿಗೆಗಳ ಮುಂದೆ ಕುಳಿತು ಕೇಳುತ್ತಿದ್ದೇನೆ

ಅಚ್ಚಿನ ಮನೆ

ಸಣ್ಣದೊಂದು ಪ್ರಕಾಶನ ನನ್ನದು. ನಿನ್ನೆ ಮಧ್ಯಾಹ್ನ ಮಾರಾಟವಾಗದ ಪುಸ್ತಕಗಳ ಹನ್ನೊಂದು ಪೆಟ್ಟಿಗೆಗಳು ವಾಪಸು ಬಂದವು. ಎಂಟು ತಿಂಗಳ ಹಿಂದೆ ನಾನೇ ಕೈಯಾರೆ ಕಟ್ಟಿ ಕಳುಹಿಸಿದ್ದ ಪೆಟ್ಟಿಗೆಗಳು. ಮೂರನ್ನು ಯಾರೂ ತೆರೆದೇ ಇಲ್ಲ. ನಾನು ಹಚ್ಚಿದ್ದ ಅಂಟುಪಟ್ಟಿ ಹಾಗೆಯೇ ಇದೆ. ಅಂದರೆ ಆ ಪ್ರತಿಗಳು ಕಪಾಟಿನ ಮುಖವನ್ನೇ ನೋಡಲಿಲ್ಲ. ಉಳಿದವುಗಳ ಪಾಡು ಬೇರೆ. ಮೂಲೆಗಳು ಮಡಚಿವೆ. ಹಿಂಬದಿಯ ರಕ್ಷಾಪುಟದಲ್ಲಿ ಬೆಲೆಚೀಟಿ ಕಿತ್ತ ಜಾಗದಲ್ಲಿ ಅಂಟು ಉಳಿದು, ಅದಕ್ಕೆ ದೂಳು ಮೆತ್ತಿ, ಕಪ್ಪು ಚೌಕವಾಗಿ ನಿಂತಿದೆ. ಬೆರಳಿಟ್ಟರೆ ಜಿಗುಟು. ಇವನ್ನು ಹೊಸ ಪುಸ್ತಕವೆಂದು ಮತ್ತೆ ಮಾರಲು ಮನಸ್ಸು ಒಪ್ಪುವುದಿಲ್ಲ.

ಪೆಟ್ಟಿಗೆಗಿಂತ ಹೆಚ್ಚು ನೋವು ಕೊಟ್ಟದ್ದು ವಿತರಕರ ಲೆಕ್ಕದ ಹಾಳೆ. ಹೋದ ತಿಂಗಳು ಮಾರಾಟ ಎಂದು ತೋರಿಸಿದ್ದ ಮೊತ್ತವನ್ನು ಈ ತಿಂಗಳು ಕಳೆದುಬಿಟ್ಟಿದ್ದಾರೆ. ಆ ಹಣವನ್ನು ನೆಚ್ಚಿಕೊಂಡು ನಾನು ಮುಂದಿನ ಪುಸ್ತಕಕ್ಕೆ ಕಾಗದ ಕೊಂಡಾಗಿದೆ.

ನನ್ನ ಪ್ರಶ್ನೆ ಇಷ್ಟೇ. ಪಾತ್ರೆಯವರಾಗಲಿ ಚಪ್ಪಲಿಯವರಾಗಲಿ, ಹೋಗದೆ ಉಳಿದ ಸರಕನ್ನು ಪೂರ್ತಿ ಹಣಕ್ಕೆ ತಯಾರಕರ ಬಾಗಿಲಿಗೆ ತಂದು ಸುರಿಯುವುದನ್ನು ನಾನು ಕಂಡಿಲ್ಲ. ಪುಸ್ತಕಕ್ಕೆ ಮಾತ್ರ ಈ ನಿಯಮ ಎಲ್ಲಿಂದ ಬಂತು? ಇದನ್ನು ಬಿಟ್ಟು ಬದುಕಿದ ಪ್ರಕಾಶಕರು ಇದ್ದಾರೆಯೇ?

ಹಳೆಯ ಹಾಳೆ

ಇದು ಅಮೆರಿಕದ ಮಹಾ ಆರ್ಥಿಕ ಕುಸಿತದ ಕೂಸು. 1930ರ ದಶಕದಲ್ಲಿ ಅಂಗಡಿಯವರ ಕೈಯಲ್ಲಿ ಕಾಸಿರಲಿಲ್ಲ. ಹೆಸರು ಕೇಳದ ಲೇಖಕರ ಪುಸ್ತಕವನ್ನು ತರಿಸಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಆಗ ಸೈಮನ್ ಅಂಡ್ ಶುಸ್ಟರ್ ಎಂಬ ಪ್ರಕಾಶನ ಸಂಸ್ಥೆ, ಹೋಗದಿದ್ದರೆ ಹಿಂದಕ್ಕೆ ಕಳುಹಿಸಬಹುದು ಎಂಬ ಷರತ್ತಿನ ಮೇಲೆ ಪುಸ್ತಕ ಕೊಡಲು ತೊಡಗಿತು. ಒಬ್ಬರು ಕೊಟ್ಟ ಮೇಲೆ ಉಳಿದವರು ಕೊಡದೆ ಇರಲಾದೀತೆ? ಕಷ್ಟಕಾಲಕ್ಕೆಂದು ಬಂದ ಏರ್ಪಾಡು ಕಾಯಂ ಆಗಿ ಕೂತುಬಿಟ್ಟಿತು.

ಬರಿಯ ಓದುಗ

ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ!

ಮೂರನೆಯ ಕಪಾಟು

ಇಪ್ಪತ್ತು ವರ್ಷಕ್ಕೂ ಮೇಲೆ ಪುಸ್ತಕದ ಅಂಗಡಿ ನಡೆಸಿದವನು ನಾನು. ವೀರಭದ್ರ ಎಂದು ಕರೆಸಿಕೊಳ್ಳಲು ಸಿದ್ಧನಿಲ್ಲ. ಅಚ್ಚಿನ ಮನೆಯವರೇ, ತೆರೆಯದ ಮೂರು ಪೆಟ್ಟಿಗೆಗಳ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದು. ಅದು ತಪ್ಪು, ಅದಕ್ಕೆ ಸಮರ್ಥನೆ ಇಲ್ಲ. ಆದರೆ ಉಳಿದ ಎಂಟು ಪೆಟ್ಟಿಗೆಗಳ ಬಗ್ಗೆ ನನ್ನ ಮಾತು ಕೇಳಿ.

ಪಾತ್ರೆಗೂ ಪುಸ್ತಕಕ್ಕೂ ಹೋಲಿಕೆ ಸಲ್ಲದು. ಪಾತ್ರೆ ಅಂಗಡಿಯವನು ನಲವತ್ತು ಬಗೆಯ ಪಾತ್ರೆ ಇಟ್ಟರೆ ವರ್ಷವೆಲ್ಲ ಅವನ್ನೇ ಮಾರಬಹುದು. ನನ್ನ ಕಪಾಟಿನಲ್ಲಿ ಒಂಬತ್ತು ಸಾವಿರ ಶೀರ್ಷಿಕೆಗಳಿವೆ, ಪ್ರತಿಯೊಂದೂ ಬೇರೆ ಸರಕು. ಅವುಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಂದೋ ಎರಡೋ ಪ್ರತಿ ಹೋಗುತ್ತವೆ. ವಾಪಸಾತಿ ಇಲ್ಲವೆಂದರೆ ನಾನು ಏನು ಮಾಡುತ್ತೇನೆ? ಖಂಡಿತ ಹೋಗುವ ಇನ್ನೂರು ಪುಸ್ತಕಗಳನ್ನು ಮಾತ್ರ ತರಿಸುತ್ತೇನೆ. ಆಗ ನಿಮ್ಮ ಹೊಸ ಕವಿಯ ಮೊದಲ ಸಂಕಲನಕ್ಕೆ ನನ್ನಲ್ಲಿ ಜಾಗವೇ ಇರುವುದಿಲ್ಲ. ನೀವು ಶಾಪ ಹಾಕುತ್ತಿರುವ ನಿಯಮವೇ ನಿಮ್ಮಂಥ ಸಣ್ಣ ಪ್ರಕಾಶಕರಿಗೆ ನನ್ನ ಅಂಗಡಿಯ ಬಾಗಿಲು ತೆರೆದದ್ದು.

ದೂರದೇಶಿ

ಹಳೆಯ ಹಾಳೆ ಅವರೇ, ಅಮೆರಿಕದ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಬೇರು ಅಲ್ಲಿಲ್ಲ. ಜರ್ಮನ್ ಪುಸ್ತಕ ವ್ಯಾಪಾರದಲ್ಲಿ ಇದು ಒಂದೂವರೆ ಶತಮಾನ ಮೊದಲೇ ಇತ್ತು. ನಾನು ಆ ದೇಶದ ಪುಸ್ತಕೋದ್ಯಮದಲ್ಲೇ ಕೆಲಸ ಮಾಡುತ್ತಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಮೊದಲು ಅಲ್ಲಿ ನಡೆಯುತ್ತಿದ್ದದ್ದು ವಿನಿಮಯ. ಫ್ರಾಂಕ್‌ಫರ್ಟ್ ಮತ್ತು ಲೈಪ್ಸಿಗ್ ಜಾತ್ರೆಗಳಿಗೆ ಪ್ರಕಾಶಕರು ತಾವು ಅಚ್ಚು ಮಾಡಿದ್ದನ್ನು ತರುತ್ತಿದ್ದರು. ಪುಸ್ತಕವೆಂದರೆ ಈಗಿನಂತೆ ಹೊಲಿದು ರಟ್ಟು ಕಟ್ಟಿದ್ದಲ್ಲ. ಬಿಡಿ ಹಾಳೆಗಳು, ಪೀಪಾಯಿಗಳಲ್ಲಿ ತುಂಬಿ ತಂದವು. ರಟ್ಟು ಕಟ್ಟಿಸುವುದು ಕೊಂಡವನ ಪಾಲಿನ ಖರ್ಚು. ಜಾತ್ರೆಯಲ್ಲಿ ಹಾಳೆಗೆ ಹಾಳೆ ಬದಲಾಯಿಸಿಕೊಳ್ಳುತ್ತಿದ್ದರು. ನಿನ್ನ ನೂರು ಹಾಳೆ ನನಗೆ, ನನ್ನ ನೂರು ಹಾಳೆ ನಿನಗೆ. ಪ್ರಕಾಶಕನೇ ಊರಿಗೆ ಹೋಗಿ ಪುಸ್ತಕ ವ್ಯಾಪಾರಿಯೂ ಆಗುತ್ತಿದ್ದ. ಒಳ್ಳೆಯ ಕಾಗದದ ಮೇಲೆ ಒಳ್ಳೆಯದನ್ನು ಅಚ್ಚು ಹಾಕಿದವನಿಗೆ ಪ್ರತಿಯಾಗಿ ಕಸ ಸಿಗುವುದೂ ಇತ್ತು, ಏಕೆಂದರೆ ಅಳತೆ ಹಾಳೆಯದು, ಬರಹದ್ದಲ್ಲ.

ಇದರಿಂದ ರೋಸಿಹೋದ ಲೈಪ್ಸಿಗ್‌ನ ಪ್ರಕಾಶಕ ಫಿಲಿಪ್ ಎರಾಸ್ಮಸ್ ರೈಖ್ 1764ರಲ್ಲಿ ಫ್ರಾಂಕ್‌ಫರ್ಟಿನ ಉಗ್ರಾಣವನ್ನು ಮುಚ್ಚಿ, ಇನ್ನು ಮುಂದೆ ನಗದು ಕೊಟ್ಟರೆ ಮಾತ್ರ ಪುಸ್ತಕ ಎಂದ. ದಕ್ಷಿಣದ ವ್ಯಾಪಾರಿಗಳು ಕೆಂಡವಾದರು. ನಗದು ಎಲ್ಲಿಂದ ತರುವುದು, ತಂದರೂ ಹೋಗದ ಪುಸ್ತಕವನ್ನು ಏನು ಮಾಡುವುದು? ಈ ಜಗಳ ಕೊನೆಗೆ ರಾಜಿಗೆ ಬಂತು. ಪುಸ್ತಕವನ್ನು ಷರತ್ತಿನ ಮೇಲೆ ಒಯ್ಯಬಹುದು, ಈಸ್ಟರ್ ಜಾತ್ರೆಯಲ್ಲಿ ಮಾರಿದ್ದಕ್ಕೆ ಹಣ, ಮಾರದ್ದು ವಾಪಸು. 1825ರಲ್ಲಿ ಲೈಪ್ಸಿಗ್‌ನಲ್ಲಿ ಜರ್ಮನ್ ಪುಸ್ತಕ ವ್ಯಾಪಾರಿಗಳ ಸಂಘ ಹುಟ್ಟಿದ್ದಕ್ಕೆ ಒಂದು ಕಾರಣವೇ ಈ ಲೆಕ್ಕ ಚುಕ್ತಾ ಮಾಡುವ ಕೆಲಸ. ಹಿಂದಕ್ಕೆ ಬರುವ ಪ್ರತಿಗಳಿಗೆ ಹಳೆಯ ವ್ಯಾಪಾರಿಗಳ ಬಾಯಲ್ಲಿ "ಏಡಿಗಳು" ಎಂದು ಹೆಸರು.

ಕರಡು ತಿದ್ದುವವನು

ಏಡಿಗಳು! ಈ ಪದವನ್ನು ಇನ್ನು ಬಿಡುವುದಿಲ್ಲ. ಅಚ್ಚಿನ ಮನೆಯವರೇ, ನಿಮ್ಮ ಮನೆಗೆ ಹನ್ನೊಂದು ಬುಟ್ಟಿ ಏಡಿ ಬಂದಿದೆ.

ಅಚ್ಚಿನ ಮನೆ

ಬಂದಿವೆ, ಹಜಾರದ ತುಂಬ ಕೂತಿವೆ. ನಡೆದಾಡಲು ದಾರಿಯಿಲ್ಲ.

ಮೂರನೆಯ ಕಪಾಟಿನವರೇ, ನಿಮ್ಮ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಒಪ್ಪಿದೆ ಎಂದಲ್ಲ. ನನ್ನ ಪುಸ್ತಕಕ್ಕೆ ಬಾಗಿಲು ತೆರೆದಿರಿ, ಸರಿ. ಆದರೆ ಆ ಬಾಗಿಲಿನ ಬಾಡಿಗೆಯನ್ನು ಪೂರ್ತಿ ನಾನೇ ಕಟ್ಟುತ್ತಿದ್ದೇನಲ್ಲ? ಸಾಗಣೆ ಎರಡೂ ಕಡೆಯದು ನನ್ನದು, ಹಾಳಾದ ಪ್ರತಿ ನನ್ನದು, ಎಂಟು ತಿಂಗಳ ಬಡ್ಡಿ ನನ್ನದು.

ಹಳೆಯ ಹಾಳೆ

ದೂರದೇಶಿಯವರ ತಿದ್ದುಪಡಿಗೆ ವಂದನೆ. ನನಗೆ ರೈಖ್‌ನ ಕಥೆ ಗೊತ್ತಿರಲಿಲ್ಲ. ಹಾಗಿದ್ದರೆ ಇನ್ನೂ ಹಿಂದಕ್ಕೆ ಹೋಗೋಣ. ಅಚ್ಚಿನ ಕಸುಬಿನ ಮೊದಲ ದಿನದಿಂದಲೂ ಇದೇ ರಗಳೆ.

ಗುಟೆನ್‌ಬರ್ಗ್ ತನ್ನ ಬೈಬಲ್ ಅನ್ನು ಸುಮಾರು 180 ಪ್ರತಿ ಅಚ್ಚು ಹಾಕಿದ ಎಂಬುದು ವಿದ್ವಾಂಸರ ಲೆಕ್ಕ. ಕಾಗದ, ಚರ್ಮಪತ್ರ, ಅಚ್ಚಿನ ಅಕ್ಷರದ ಮೊಳೆ, ಆಳುಗಳ ಕೂಲಿ ಎಲ್ಲವನ್ನೂ ಮೊದಲೇ ಸುರಿಯಬೇಕು, ಹಣ ಬರುವುದು ಮಾತ್ರ ಕೊನೆಗೆ. ಅದಕ್ಕೆ ಯೋಹಾನ್ ಫುಸ್ಟ್ ಎಂಬ ಸಾಹುಕಾರನಿಂದ 800 ಗಿಲ್ಡರ್‌ಗಳಂತೆ ಎರಡು ಸಲ ತಂದ. ಪುಸ್ತಕ ಮುಗಿಯುವ ಹೊತ್ತಿಗೆ, 1455ರಲ್ಲಿ, ಫುಸ್ಟ್ ದಾವೆ ಹೂಡಿದ. ಬಡ್ಡಿ ಸೇರಿ 2,026 ಗಿಲ್ಡರ್ ಆಗಿತ್ತು. ಅಚ್ಚುಕೂಟದ ಸಲಕರಣೆಗಳು ಫುಸ್ಟ್‌ನ ಕೈಸೇರಿದವು. ಎರಡು ವರ್ಷದ ನಂತರ, 1457ರಲ್ಲಿ, ಯುರೋಪಿನಲ್ಲಿ ಮುದ್ರಕರ ಹೆಸರು ಮತ್ತು ತಾರೀಖನ್ನು ಹೊತ್ತ ಮೊದಲ ಪುಸ್ತಕ ಹೊರಬಂತು. ಅದರಲ್ಲಿದ್ದದ್ದು ಫುಸ್ಟ್ ಮತ್ತು ಶೋಫರ್ ಎಂಬ ಹೆಸರುಗಳು. ಗುಟೆನ್‌ಬರ್ಗ್ ಎಂಬ ಹೆಸರಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅದಕ್ಕಿಂತ ಅಚ್ಚಿನ ಮನೆಯವರಿಗೆ ಹತ್ತಿರವಾದ ಕಥೆ ರೋಮಿನದು. ಇಟಲಿಗೆ ಅಚ್ಚಿನ ಕಲೆಯನ್ನು ತಂದ ಸ್ವೈನ್‌ಹೈಮ್ ಮತ್ತು ಪನ್ನಾರ್ಟ್ಸ್ ಎಂಬ ಜೋಡಿ ಪ್ರಾಚೀನ ಲ್ಯಾಟಿನ್ ಗ್ರಂಥಗಳನ್ನು ಒಂದರ ಮೇಲೊಂದು ಹೊರತಂದರು, ಹೆಚ್ಚಿನವು 275 ಪ್ರತಿಗಳಂತೆ. 1472ರಲ್ಲಿ ಅವರ ಪರವಾಗಿ ಪೋಪರಿಗೆ ಒಂದು ಮನವಿ ಹೋಯಿತು. ಮನೆ ತುಂಬ ಅಚ್ಚಾದ ಹಾಳೆ, ಬದುಕಿಗೆ ಬೇಕಾದದ್ದು ಮಾತ್ರ ಏನೂ ಇಲ್ಲ ಎಂಬುದು ಅದರ ಸಾರ. ಯಾವ ಪುಸ್ತಕ ಎಷ್ಟು ಪ್ರತಿ ಹಾಕಿದೆವು ಎಂಬ ಪಟ್ಟಿಯನ್ನೂ ಜೊತೆಗೆ ಕೊಟ್ಟರು. ಐದುನೂರು ವರ್ಷಗಳಾದರೂ ಆ ಹಜಾರಕ್ಕೂ ನಿಮ್ಮ ಹಜಾರಕ್ಕೂ ವ್ಯತ್ಯಾಸವಿಲ್ಲ.

ಮೊಳೆ ಜೋಡಿಸಿದವರು

ಹಳೆಯ ಹಾಳೆಯವರು ಹೇಳಿದ್ದರಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ನಾನು ಮೂವತ್ತು ವರ್ಷ ಅಚ್ಚುಕೂಟದಲ್ಲಿ ನಿಂತು ಕೆಲಸ ಮಾಡಿದವನು, ಅದಕ್ಕೆ ಬರೆಯುತ್ತಿದ್ದೇನೆ.

ಈಗಿನವರು 300 ಪ್ರತಿ ಹಾಕಿ ನೋಡೋಣ, ಬೇಕಾದರೆ ಮತ್ತೆ ಹಾಕೋಣ ಎನ್ನುತ್ತೀರಿ. ಮೊಳೆಯ ಕಾಲದಲ್ಲಿ ಆ ಮಾತೇ ಇರಲಿಲ್ಲ. ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳನ್ನು ಜೋಡಿಸಿ, ಕರಡು ತೆಗೆದು, ತಿದ್ದಿ, ಅಚ್ಚು ಹಾಕಿದ ಮೇಲೆ ಮೊಳೆಗಳನ್ನು ಬಿಡಿಸಿ ಮೊಳೆಪೆಟ್ಟಿಗೆಯ ಮನೆಮನೆಗೆ ಮತ್ತೆ ತುಂಬಬೇಕು. ಆ ಮೊಳೆಗಳೇ ಮುಂದಿನ ಫಾರಮಿಗೆ ಬೇಕು. ಪುಸ್ತಕ ಪೂರ್ತಿ ನಿಲ್ಲಿಸಿ ಇಡುವಷ್ಟು ಸೀಸ ಸಾಮಾನ್ಯವಾಗಿ ಅಚ್ಚುಕೂಟಗಳಲ್ಲಿ ಇರುತ್ತಿರಲಿಲ್ಲ. ಹೆಚ್ಚು ಪ್ರತಿ ಬೇಕಾಗುತ್ತದೆಯೋ ಕಡಿಮೆ ಬೇಕಾಗುತ್ತದೆಯೋ ಮೊದಲ ದಿನವೇ ಊಹಿಸಬೇಕು. ಕಡಿಮೆ ಹಾಕಿದರೆ ಮರುಮುದ್ರಣಕ್ಕೆ ಮೊದಲಿಂದ ಜೋಡಣೆ, ಹೆಚ್ಚು ಹಾಕಿದರೆ ಕಾಗದ ದಂಡ. ಅತ್ತ ದರಿ, ಇತ್ತ ಪುಲಿ.

ಜೋಡಿಸಿದ ಪುಟದ ಅಚ್ಚು ತೆಗೆದು ಲೋಹದ ತಗಡು ಎರಕ ಹೊಯ್ಯುವ ಸ್ಟೀರಿಯೋ ವಿಧಾನ ಹತ್ತೊಂಬತ್ತನೆಯ ಶತಮಾನದಲ್ಲಿ ಹರಡಿದ ಮೇಲೆಯೇ ಪ್ರಕಾಶಕ ಉಸಿರಾಡಿದ್ದು. ತಗಡನ್ನು ಎತ್ತಿಟ್ಟುಕೊಂಡರೆ ಬೇಕೆಂದಾಗ ಬೇಕಾದಷ್ಟು ಹಾಕಬಹುದು.

ದೂರದೇಶಿ

ತುಂಬ ಒಳ್ಳೆಯ ಮಾತು ಹೇಳಿದಿರಿ ಹಿರಿಯರೇ. 1867ರಲ್ಲಿ ಜರ್ಮನಿಯ ರೆಕ್ಲಾಮ್ ಪ್ರಕಾಶನ ಸಂಸ್ಥೆ ಅಗ್ಗದ ಪುಟ್ಟ ಪುಸ್ತಕಗಳ ಮಾಲೆ ಆರಂಭಿಸಿದಾಗ ಅದರ ಬೆನ್ನಿಗಿದ್ದದ್ದು ಎರಡು ಬಲ. ಒಂದು ನೀವು ಹೇಳಿದ ತಗಡು. ಇನ್ನೊಂದು, ಆ ವರ್ಷ ನವೆಂಬರ್ 9ರಂದು ಮೂವತ್ತು ವರ್ಷಕ್ಕೂ ಹಿಂದೆ ತೀರಿಕೊಂಡಿದ್ದ ಲೇಖಕರ ಕೃತಿಗಳೆಲ್ಲ ಹಕ್ಕುಮುಕ್ತವಾದವು.

ಲೆಕ್ಕದ ಪುಸ್ತಕ

ಕಥೆಗಳು ಚೆನ್ನಾಗಿವೆ. ನಾನು ಅಂಕಿಗಳಿಗೆ ಬರುತ್ತೇನೆ. ಉದಾಹರಣೆಗಾಗಿ ಮುಖಬೆಲೆ 100 ಎಂದಿಟ್ಟುಕೊಳ್ಳಿ. ಅಂಗಡಿಗೆ 40, ವಿತರಕರಿಗೆ 15, ಪ್ರಕಾಶಕರ ಕೈಗೆ 45. ಇದರಲ್ಲಿ ಮುದ್ರಣ 20, ಲೇಖಕರಿಗೆ 10, ಕರಡು ತಿದ್ದುವಿಕೆ, ಮುಖಪುಟ, ಪುಟವಿನ್ಯಾಸ ಸೇರಿ ಪ್ರತಿಗೆ 8. ಉಳಿದದ್ದು 7.

ನೂರು ಪ್ರತಿ ಅಚ್ಚು ಹಾಕಿ ನೂರೂ ಹೋದರೆ 700 ಲಾಭ. ಇನ್ನು ಇಪ್ಪತ್ತು ವಾಪಸು ಬಂದವು ಎನ್ನಿ. 80 ಪ್ರತಿಗೆ 45ರಂತೆ 3,600 ಬಂತು. ಮುದ್ರಣ 2,000, ಕರಡು ಇತ್ಯಾದಿ 800, ಲೇಖಕರಿಗೆ 80 ಪ್ರತಿಗೆ 800. ಒಟ್ಟು 3,600. ಲಾಭ ಸೊನ್ನೆ. ಮೂವತ್ತು ವಾಪಸು ಬಂದರೆ 350 ಕೈಬಿಟ್ಟಿತು, ಅದೂ ಸಾಗಣೆಯನ್ನು ಹಿಡಿಯದೆ.

ಅಚ್ಚಿನ ಮನೆಯವರು ಮಾಡಿದ ದೊಡ್ಡ ತಪ್ಪು ವಾಪಸಾತಿಗೆ ಒಪ್ಪಿದ್ದಲ್ಲ. ಕಳುಹಿಸಿದ್ದನ್ನು ಮಾರಾಟ ಎಂದು ಬರೆದುಕೊಂಡದ್ದು. ಅಂಗಡಿಯಲ್ಲಿರುವ ಪ್ರತಿ ನಿಮ್ಮದೇ ದಾಸ್ತಾನು, ಬೇರೆಯವರ ಕಪಾಟಿನಲ್ಲಿ ನಿಂತಿದೆ ಅಷ್ಟೆ. ವಾಪಸಾತಿಯ ಗಡುವು ಮುಗಿಯುವವರೆಗೆ ಆ ಹಣದಲ್ಲಿ ಒಂದು ಪಾಲನ್ನು ಪಕ್ಕಕ್ಕೆ ಎತ್ತಿಡಬೇಕು. ಲೇಖಕರ ರಾಯಲ್ಟಿ ಪತ್ರದಲ್ಲೂ ಇದಕ್ಕೆ ಮೀಸಲು ಹಿಡಿಯುವ ವಾಡಿಕೆ ಇದೆ.

ಅಚ್ಚಿನ ಮನೆ

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನೀವು ಹೇಳಿದ್ದು ಸರಿ. ನಾನು ಹಾಗೆಯೇ ಬರೆದುಕೊಂಡಿದ್ದೇನೆ, ನಾಲ್ಕು ವರ್ಷಗಳಿಂದ.

ಬರಿಯ ಓದುಗ

ಅಂಗಡಿಗೆ 40 ಹೋಗುತ್ತದೆ ಎಂದು ಈಗ ತಿಳಿಯಿತು. ಹಾಗಾದರೆ ಆನ್‌ಲೈನ್‌ನಲ್ಲಿ ನನಗೆ 30ರಷ್ಟು ರಿಯಾಯಿತಿ ಸಿಗುವುದು ಆ 40ರಿಂದಲೇ ಅಲ್ಲವೇ? ಅದರಲ್ಲಿ ತಪ್ಪೇನಿದೆ? ಹೆಚ್ಚುಕಡಿಮೆ ಎರಡು ಪುಸ್ತಕದ ಹಣದಲ್ಲಿ ನಾನು ಮೂರು ಓದುತ್ತೇನೆ. ಓದುಗ ಹೆಚ್ಚು ಓದಿದರೆ ಎಲ್ಲರಿಗೂ ಒಳ್ಳೆಯದೇ.

ಮೂರನೆಯ ಕಪಾಟು

ಆ 40ರಲ್ಲಿ ನನ್ನ ಬಾಡಿಗೆ, ದೀಪ, ಇಬ್ಬರ ಸಂಬಳ ಎಲ್ಲವೂ ಇವೆ. ಆನ್‌ಲೈನ್‌ನವರು ದೊಡ್ಡ ಖರೀದಿಯ ಬಲದಿಂದ ಪ್ರಕಾಶಕರಿಂದ 50, 55 ಹಿಂಡಿಕೊಳ್ಳುತ್ತಾರೆ, ಅದರಲ್ಲಿ 30 ನಿಮಗೆ ಕೊಡುತ್ತಾರೆ. ಪ್ರಕಾಶಕ ಆ ಕೊರತೆಯನ್ನು ತುಂಬಿಕೊಳ್ಳಲು ಮುಂದಿನ ಸಲ ಮುಖಬೆಲೆಯನ್ನೇ ಏರಿಸುತ್ತಾನೆ. ಏರಿಸಿದ ಬೆಲೆಯ ಮೇಲೆ ನಿಮಗೆ ರಿಯಾಯಿತಿ. ಜನ ನನ್ನ ಅಂಗಡಿಗೆ ಬಂದು, ಅರ್ಧ ಗಂಟೆ ಪುಸ್ತಕ ತಿರುವಿ, ನನ್ನನ್ನೇ ಕೇಳಿ ಆರಿಸಿಕೊಂಡು, ಮುಖಪುಟದ ಚಿತ್ರ ತೆಗೆದುಕೊಂಡು ಹೊರಟುಹೋಗುತ್ತಾರೆ. ಮುಖಬೆಲೆಗೇ ಮಾರಬೇಕೆಂಬ ಕಾನೂನು ಬರದೆ ಇದಕ್ಕೆ ಪರಿಹಾರವಿಲ್ಲ.

ದೂರದೇಶಿ

ಅಂಥ ಕಾನೂನು ಫ್ರಾನ್ಸಿನಲ್ಲಿ 1981ರಿಂದ ಇದೆ. ಹೊಸ ಪುಸ್ತಕಕ್ಕೆ ಶೇಕಡಾ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ. 2014ರಲ್ಲಿ, ಮನೆಗೆ ತಲುಪಿಸುವ ಪುಸ್ತಕಕ್ಕೆ ಆ ರಿಯಾಯಿತಿಯನ್ನೂ ಉಚಿತ ಸಾಗಣೆಯನ್ನೂ ಒಟ್ಟಿಗೆ ಕೊಡುವುದನ್ನು ತಡೆದರು. ಆನ್‌ಲೈನ್‌ನವರು ಸಾಗಣೆಗೆ ಒಂದು ಸೆಂಟ್ ಹಾಕಿ ನುಣುಚಿಕೊಂಡರು. ಕೊನೆಗೆ 2023ರಿಂದ, 35 ಯೂರೋಗಿಂತ ಕಡಿಮೆ ಖರೀದಿಗೆ ಸಾಗಣೆ ವೆಚ್ಚ ಕನಿಷ್ಠ 3 ಯೂರೋ ಎಂದು ಗೊತ್ತುಮಾಡಿದರು. ಜರ್ಮನಿಯಲ್ಲಿ ಪುಸ್ತಕ ವ್ಯಾಪಾರಿಗಳ ಸಂಘದ ಕಟ್ಟುಪಾಡಾಗಿ 1887ರಿಂದ ಇದ್ದದ್ದು 2002ರಲ್ಲಿ ಕಾನೂನೇ ಆಯಿತು. ಜಪಾನಿನಲ್ಲಿ ನಿಗದಿತ ಬೆಲೆ ಮತ್ತು ವಾಪಸಾತಿ ಎರಡೂ ಜೋಡಿ ಎತ್ತುಗಳಂತೆ ನಡೆಯುತ್ತವೆ. ಬೆಲೆ ಇಳಿಸಿ ಮಾರುವ ದಾರಿ ಅಂಗಡಿಯವನಿಗೆ ಮುಚ್ಚಿದ್ದರಿಂದ ಹಿಂದಿರುಗಿಸುವ ದಾರಿ ತೆರೆದಿರಲೇಬೇಕು ಎಂಬುದು ಅಲ್ಲಿನ ತರ್ಕ.

ಲೆಕ್ಕದ ಪುಸ್ತಕ

ಇನ್ನೊಂದು ಬದಿಯನ್ನೂ ಹೇಳಿ. ಇಸ್ರೇಲ್ ಇಂಥದ್ದೇ ಕಾನೂನು ಜಾರಿಗೆ ತಂದು 2016ರಲ್ಲಿ ತಾನೇ ರದ್ದುಮಾಡಿತು. ಹೊಸ ಪುಸ್ತಕದ ಬೆಲೆಯನ್ನು ಕಟ್ಟಿಹಾಕಿದ್ದರಿಂದ ಜನ ಹೊಸಬರನ್ನು ಕೊಳ್ಳುವುದನ್ನೇ ಬಿಟ್ಟರು ಎಂಬ ದೂರು ಅಲ್ಲಿನ ಲೇಖಕರಿಂದಲೇ ಬಂತು.

ಮೂರನೆಯ ಕಪಾಟು

ಎರಡೇ ವರ್ಷ ನೋಡಿ ಕೈಬಿಟ್ಟರೆ ಯಾವ ಗಿಡ ಬೇರು ಬಿಟ್ಟೀತು? ಬ್ರಿಟನ್ನನ್ನು ನೋಡಿ. 1900ರ ಜನವರಿ 1ರಿಂದ ಮುಖಬೆಲೆಯ ಒಪ್ಪಂದ ನಡೆದು ಬಂತು. 1962ರಲ್ಲಿ ನ್ಯಾಯಾಲಯವೂ ಪುಸ್ತಕ ಬೇರೆ ಸರಕಿನಂತಲ್ಲ ಎಂದು ಅದನ್ನು ಎತ್ತಿಹಿಡಿಯಿತು. 1995ರಲ್ಲಿ ದೊಡ್ಡ ಪ್ರಕಾಶಕರು ಹೊರನಡೆದು ಒಪ್ಪಂದ ಕುಸಿಯಿತು, 1997ರಲ್ಲಿ ಕಾನೂನುಬಾಹಿರವೆಂದೇ ತೀರ್ಪಾಯಿತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅಲ್ಲಿನ ಸ್ವತಂತ್ರ ಅಂಗಡಿಗಳು ಸುಮಾರು ಅರ್ಧಕ್ಕೆ ಇಳಿದವು.

ಲೆಕ್ಕದ ಪುಸ್ತಕ

ಆ ಇಪ್ಪತ್ತು ವರ್ಷಗಳಲ್ಲೇ ಅಮೆಜಾನ್ ಬಂತು, ಬಾಡಿಗೆ ಏರಿತು, ದಿನಸಿ ಮಳಿಗೆಗಳು ಪುಸ್ತಕ ಮಾರಲು ತೊಡಗಿದವು. ಎಲ್ಲವನ್ನೂ ಒಪ್ಪಂದದ ತಲೆಗೆ ಕಟ್ಟಬೇಡಿ.

ಬರಿಯ ಓದುಗ

ನನ್ನ ಪರ ಮಾತನಾಡುವ ಒಬ್ಬ ಪುಸ್ತಕ ವ್ಯಾಪಾರಿ ಇತಿಹಾಸದಲ್ಲಿ ಇದ್ದಾನೆ, ಓದಿದ್ದೇನೆ. ಹದಿನೆಂಟನೆಯ ಶತಮಾನದ ಲಂಡನ್ನಿನ ಜೇಮ್ಸ್ ಲ್ಯಾಕಿಂಗ್‌ಟನ್. ಚಪ್ಪಲಿ ಹೊಲಿಯುವ ಕಸುಬಿನಿಂದ ಬಂದವನು. ಆಗ ಪ್ರಕಾಶಕರು ಉಳಿದ ಪ್ರತಿಗಳನ್ನು ಸಗಟಾಗಿ ಹರಾಜು ಹಾಕುತ್ತಿದ್ದರು. ಕೊಂಡ ವ್ಯಾಪಾರಿಗಳು ಬೆಲೆ ಇಳಿಯದಿರಲೆಂದು ಅರ್ಧ ಅಥವಾ ಮುಕ್ಕಾಲು ಪಾಲನ್ನು ನಾಶ ಮಾಡಿ, ಮಿಕ್ಕಿದ್ದನ್ನು ಪೂರ್ತಿ ಬೆಲೆಗೆ ಮಾರುತ್ತಿದ್ದರು. ಲ್ಯಾಕಿಂಗ್‌ಟನ್ ಸುಡಲಿಲ್ಲ, ಹರಿಯಲಿಲ್ಲ. ಎಲ್ಲವನ್ನೂ ಅಗ್ಗಕ್ಕೆ ಮಾರಿದ. ಉದ್ರಿ ಇಲ್ಲ, ಚೌಕಾಸಿ ಇಲ್ಲ, ನಗದು ಮಾತ್ರ. ಬೇರೆ ವ್ಯಾಪಾರಿಗಳು ಅವನನ್ನು ಹೊರಗಿಡಲು ಏನೆಲ್ಲ ಮಾಡಿದರೂ, ಫಿನ್ಸ್‌ಬರಿ ಚೌಕದಲ್ಲಿ ಅವನು ಕಟ್ಟಿದ ಅಂಗಡಿ ಎಷ್ಟು ದೊಡ್ಡದಾಗಿತ್ತೆಂದರೆ ಒಳಗೆ ನಾಲ್ಕು ಕುದುರೆಯ ಸಾರೋಟನ್ನು ಸುತ್ತು ಹೊಡೆಸಿದರಂತೆ. ಬಡವರ ಮನೆಗೆ ಪುಸ್ತಕ ಹೋದದ್ದು ಇಂಥವರಿಂದ. ಅದಕ್ಕೇ ಕೇಳಿದ್ದು, ತಪ್ಪೇನಿದೆ ಎಂದು.

ಗ್ರಂಥಭಂಡಾರಿ

ಓದುಗರೇ, ಒಳ್ಳೆಯ ಉದಾಹರಣೆ. ಆದರೆ ಲ್ಯಾಕಿಂಗ್‌ಟನ್ ಮಾರಿದ್ದು ಉಳಿಕೆ ಪ್ರತಿ, ಹಳೆಯ ಪುಸ್ತಕ. ಇವತ್ತೇ ಬಂದ ಹೊಸ ಪುಸ್ತಕದ ಬೆಲೆ ಇಳಿಸುವುದು ಬೇರೆ ವಿಷಯ.

ಬೆಲೆಯನ್ನು ಕೃತಕವಾಗಿ ಎತ್ತರದಲ್ಲಿ ಇಟ್ಟಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ವಿಕ್ಟೋರಿಯಾ ಕಾಲದ ಬ್ರಿಟನ್ನಿನಲ್ಲಿ ಹೊಸ ಕಾದಂಬರಿ ಮೂರು ಸಂಪುಟ, ಬೆಲೆ 31 ಷಿಲಿಂಗ್ 6 ಪೆನ್ಸ್. ಸಾಮಾನ್ಯರು ಕನಸಿನಲ್ಲೂ ಕೊಳ್ಳಲಾರರು. 1842ರಲ್ಲಿ ಮ್ಯೂಡಿ ಎಂಬವನು ಎರವಲು ಗ್ರಂಥಾಲಯ ತೆಗೆದ. ವರ್ಷಕ್ಕೆ ಒಂದು ಗಿನಿ, ಅಂದರೆ 21 ಷಿಲಿಂಗ್, ಚಂದಾ ಕಟ್ಟಿದರೆ ಒಂದು ಸಲಕ್ಕೆ ಒಂದು ಸಂಪುಟ ಒಯ್ಯಬಹುದು. ಒಂದು ಕಾದಂಬರಿ ಮೂರು ಜನರ ಮನೆಯಲ್ಲಿ ಏಕಕಾಲಕ್ಕೆ ಇರುತ್ತಿತ್ತು. ಪ್ರಕಾಶಕನಿಗೆ ಮ್ಯೂಡಿಯ ಸಗಟು ಖರೀದಿ ಖಾತ್ರಿ, ಹಾಗಾಗಿ ನಷ್ಟದ ಭಯವೇ ಇಲ್ಲ. ಬೆಲೆ ತೆತ್ತವರು ಯಾರು? ಲೇಖಕರು. ಕಥೆ ಎರಡು ಸಂಪುಟಕ್ಕೆ ಮುಗಿದರೂ ಮೂರಕ್ಕೆ ಎಳೆಯಬೇಕು, ಮ್ಯೂಡಿಗೆ ಇಷ್ಟವಾಗದ ವಿಷಯ ಬರೆಯುವಂತಿಲ್ಲ. 1894ರಲ್ಲಿ ಗ್ರಂಥಾಲಯಗಳೇ ಈ ಬೆಲೆ ನಮಗೆ ಗಿಟ್ಟುವುದಿಲ್ಲ ಎಂದಾಗ ಮೂರು ಸಂಪುಟಗಳ ಯುಗ ಕೆಲವೇ ವರ್ಷಗಳಲ್ಲಿ ಮುಗಿಯಿತು.

ಕರಡು ತಿದ್ದುವವನು

ವಿಷಯ ಸ್ವಲ್ಪ ಪಕ್ಕಕ್ಕೆ. ಹಳೆಯ ಉಳಿಕೆ ಪುಸ್ತಕಗಳ ಕೆಳ ಅಂಚಿನಲ್ಲಿ ಕಪ್ಪು ಶಾಯಿಯ ಗೀರು ಇರುತ್ತದಲ್ಲ, ಅದು ಯಾಕೆಂದು ಯಾರಿಗಾದರೂ ಗೊತ್ತೇ? ಬಾಲ್ಯದಿಂದ ಅದನ್ನು ಮಕ್ಕಳ ಕೈಚಳಕ ಎಂದುಕೊಂಡಿದ್ದೆ.

ಮೂರನೆಯ ಕಪಾಟು

ಅದು ಉಳಿಕೆಯ ಗುರುತು. ಅಗ್ಗಕ್ಕೆ ಕೊಂಡದ್ದನ್ನು ಪೂರ್ತಿ ಬೆಲೆಯ ವಾಪಸಾತಿ ಎಂದು ಯಾರೂ ಮತ್ತೆ ಪ್ರಕಾಶಕರಿಗೆ ತಳ್ಳದಿರಲೆಂದು ಹಾಕುವ ಗೀರು. ಅಗ್ಗದ ಕಾಗದದ ಪಾಕೆಟ್ ಪುಸ್ತಕಗಳ ಕಥೆ ಇನ್ನೂ ಕ್ರೂರ. ಅಮೆರಿಕದಲ್ಲಿ ಅವುಗಳ ಪೂರ್ತಿ ಪುಸ್ತಕ ವಾಪಸು ಕಳುಹಿಸುವುದು ಸಾಗಣೆಗೆ ದುಬಾರಿಯೆಂದು, ಅಂಗಡಿಯವನು ಮುಖಪುಟವನ್ನು ಹರಿದು ಅದನ್ನಷ್ಟೇ ಕಳುಹಿಸಿ ಹಣ ಪಡೆಯುತ್ತಾನೆ. ಮೈಯನ್ನು ರದ್ದಿಗೆ ಹಾಕಬೇಕು. ಮುಖಪುಟ ಇಲ್ಲದ ಪುಸ್ತಕ ಕೊಂಡರೆ ಅದು ಕದ್ದ ಮಾಲು ಎಂಬರ್ಥದ ಎಚ್ಚರಿಕೆಯನ್ನು ಒಳಪುಟದಲ್ಲೇ ಅಚ್ಚು ಹಾಕುತ್ತಾರೆ. ಆ ಕೆಲಸ ಮಾಡಲು ನನ್ನ ಕೈ ಎಂದಿಗೂ ಏಳುತ್ತಿರಲಿಲ್ಲ.

ಮೊಳೆ ಜೋಡಿಸಿದವರು

ಓದಿ ಹೊಟ್ಟೆ ಉರಿಯಿತು.

ಹಳೆಯ ಹಾಳೆ

ವಾಪಸು ಬಂದ ಪುಸ್ತಕದ ಮಾತಿಗೆ ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋನನ್ನು ನೆನೆಯಲೇಬೇಕು. ಅವನ ಮೊದಲ ಪುಸ್ತಕ 1849ರಲ್ಲಿ ಸಾವಿರ ಪ್ರತಿ ಅಚ್ಚಾಯಿತು, ನಷ್ಟವಾದರೆ ತುಂಬಿಕೊಡುವ ಹೊಣೆ ಅವನದೇ. ನಾಲ್ಕು ವರ್ಷದ ನಂತರ ಪ್ರಕಾಶಕರು ಜಾಗವಿಲ್ಲವೆಂದು 706 ಪ್ರತಿಗಳನ್ನು ಬಂಡಿಯಲ್ಲಿ ಕಳುಹಿಸಿದರು. ಅವನೇ ಬೆನ್ನ ಮೇಲೆ ಹೊತ್ತು ಮಹಡಿ ಹತ್ತಿಸಿದ. ನನ್ನ ಗ್ರಂಥಾಲಯದಲ್ಲಿ ಈಗ ಸುಮಾರು ಒಂಬೈನೂರು ಪುಸ್ತಕಗಳಿವೆ, ಏಳುನೂರಕ್ಕೂ ಮಿಗಿಲಾದವು ನಾನೇ ಬರೆದವು ಎಂಬ ಅರ್ಥದ ಮಾತನ್ನು ದಿನಚರಿಯಲ್ಲಿ ಬರೆದುಕೊಂಡ. ಮರುವರ್ಷವೇ ಅವನ ಎರಡನೆಯ ಪುಸ್ತಕ "ವಾಲ್ಡನ್" ಬಂತು.

ಅಚ್ಚಿನ ಮನೆ

ಈ ಕಥೆ ಗೊತ್ತಿರಲಿಲ್ಲ. ಆ ಮಹಡಿಯ ಮೆಟ್ಟಿಲುಗಳನ್ನು ನಾನು ಇನ್ನು ಮರೆಯಲಾರೆ.

ಎಲ್ಲವನ್ನೂ ಓದಿದ ಮೇಲೆ ನನಗೆ ಹೊಳೆದದ್ದು ಇದು. ಫುಸ್ಟ್‌ನ ಸಾಲವಾಗಲಿ, ಜಾತ್ರೆಯ ವಿನಿಮಯವಾಗಲಿ, ಮ್ಯೂಡಿಯ ಚಂದಾ ಆಗಲಿ, ನನ್ನ ವಿತರಕರ ಹಾಳೆಯಾಗಲಿ, ಎಲ್ಲದರಲ್ಲೂ ಕೇಳುತ್ತಿರುವುದು ಒಂದೇ: ಹೋಗದ ಪ್ರತಿಯ ಭಾರ ಯಾರು ಹೊರಬೇಕು? ಅದನ್ನು ನಾನು ಅಚ್ಚಿಗೆ ಕೊಡುವ ಮೊದಲು ಯಾರೊಂದಿಗೂ ಮಾತಾಡಿಕೊಳ್ಳಲೇ ಇಲ್ಲ. ಹೇಗೆ ಮಾತಾಡಿಕೊಳ್ಳಬೇಕು ಎಂದು ಹೇಳಿಕೊಡಿ.

ಗ್ರಂಥಭಂಡಾರಿ

ಮುಂಗಡ ಚಂದಾ ಮಾಡಿ. ಹಳೆಯ ದಾರಿ, ಗಟ್ಟಿ ದಾರಿ. ಇಂಗ್ಲಿಷ್ ಕವಿ ಅಲೆಕ್ಸಾಂಡರ್ ಪೋಪ್ "ಇಲಿಯಡ್" ಅನುವಾದವನ್ನು 1715ರಿಂದ ಸಂಪುಟ ಸಂಪುಟವಾಗಿ ತಂದದ್ದು ಚಂದಾದಾರರ ಬಲದಿಂದಲೇ, ಅದರಿಂದ ಸ್ವತಂತ್ರವಾಗಿ ಬದುಕುವಷ್ಟು ಗಳಿಸಿದ. ಅಮೆರಿಕದಲ್ಲಿ ಮಾರ್ಕ್ ಟ್ವೈನ್ ತನ್ನದೇ ಪ್ರಕಾಶನದಿಂದ 1885ರಲ್ಲಿ ಮಾಜಿ ಅಧ್ಯಕ್ಷ ಗ್ರಾಂಟ್ ಅವರ ಆತ್ಮಕಥೆಯನ್ನು ಹೀಗೆಯೇ ಮಾರಿದ. ಊರೂರಿಗೆ ಮನೆ ಬಾಗಿಲಿಗೆ ಹೋಗುವ ಏಜೆಂಟರು, ಮೊದಲೇ ಬರೆಸಿಕೊಂಡ ಬೇಡಿಕೆ. ಗ್ರಾಂಟ್ ಪತ್ನಿಗೆ ಬಂದ ಮೊದಲ ಚೆಕ್ಕೇ 2,00,000 ಡಾಲರ್.

ಲೆಕ್ಕದ ಪುಸ್ತಕ

ಅದೇ ಪ್ರಕಾಶನ 1894ರಲ್ಲಿ ದಿವಾಳಿಯಾಯಿತು ಎಂಬುದನ್ನೂ ಸೇರಿಸಿ. ಒಂದು ಗೆಲುವನ್ನು ನಂಬಿ ದೊಡ್ಡ ದೊಡ್ಡ ಸಂಪುಟಗಳಿಗೆ ಕೈಹಾಕಿದ್ದೂ ಅದಕ್ಕೊಂದು ಕಾರಣ.

ನನ್ನ ಸಲಹೆ ಬೇರೆ. ಮೇಲಿನ ಲೆಕ್ಕವನ್ನೇ ಹಿಡಿಯಿರಿ. ವಿತರಕರನ್ನು ಬಿಟ್ಟು ನೇರವಾಗಿ ಅಂಗಡಿಗೆ 50 ಕೊಡಿ, ವಾಪಸಾತಿ ಇಲ್ಲ. ನೂರರ ಬದಲು 70 ಮಾತ್ರ ಅಚ್ಚು ಹಾಕಿ. ಕಡಿಮೆ ಹಾಕಿದ್ದಕ್ಕೆ ಪ್ರತಿಯ ಮುದ್ರಣ ವೆಚ್ಚ 22ಕ್ಕೆ ಏರಿತು ಎನ್ನೋಣ. ಬಂದದ್ದು 3,500. ಮುದ್ರಣ 1,540, ಕರಡು ಇತ್ಯಾದಿ 800, ಲೇಖಕರಿಗೆ 700. ಉಳಿದದ್ದು 460. ಅದೇ 70 ಮಾರಾಟಕ್ಕೆ ವಾಪಸಾತಿಯ ದಾರಿಯಲ್ಲಿ 350 ನಷ್ಟವಾಗಿತ್ತು. ಅಂಗಡಿಯವರಿಗೂ 40ರ ಬದಲು 50.

ಮೂರನೆಯ ಕಪಾಟು

50 ಕೊಟ್ಟರೆ ನಾನು ಮೂರು ಪ್ರತಿ ಖಂಡಿತವಾಗಿ ಕೊಳ್ಳುತ್ತೇನೆ, ಹತ್ತು ಕೊಳ್ಳುವುದಿಲ್ಲ. ಆ ಮೂರನ್ನು ಮಾರುವುದು ನನ್ನ ಹೊಣೆ, ಆದ್ದರಿಂದ ಪುಸ್ತಕವನ್ನು ಓದಿ ನೋಡುತ್ತೇನೆ, ಕೈಗೆ ಸಿಗುವ ಎತ್ತರದಲ್ಲಿ ಮುಖಪುಟ ಕಾಣುವಂತೆ ಇಡುತ್ತೇನೆ. ಒಪ್ಪಿಕೊಳ್ಳಬೇಕಾದ ಮಾತು: ವಾಪಸಾತಿ ಇರುವ ಪುಸ್ತಕವನ್ನು ಇಷ್ಟು ಶ್ರದ್ಧೆಯಿಂದ ಇಟ್ಟಿಲ್ಲ. ಆದರೆ ಒಂದು ಕೋರಿಕೆ. ಹೋಗದೆ ಉಳಿದರೆ ಬೇರೆ ಶೀರ್ಷಿಕೆಗೆ ಬದಲಾಯಿಸಿ ಕೊಡಿ. ಹಣ ಬೇಡ, ಪುಸ್ತಕಕ್ಕೆ ಪುಸ್ತಕ.

ದೂರದೇಶಿ

ಅಂದರೆ ಲೈಪ್ಸಿಗ್ ಜಾತ್ರೆಗೇ ಮರಳಿದೆವು!

ಮೊಳೆ ಜೋಡಿಸಿದವರು

ತಾಯಿ, ಒಂದು ಮಾತು. ಅಗ್ಗ ಆಗುತ್ತದೆಂದು ಹೆಚ್ಚು ಪ್ರತಿ ಹಾಕುವ ಆಸೆಗೆ ಬೀಳಬೇಡಿ. ಸಾವಿರಕ್ಕೆ ಹಾಕಿದರೆ ಪ್ರತಿಗೆ ಇಷ್ಟು ಕಡಿಮೆ ಎಂದು ಅಚ್ಚಿನವರು ಹೇಳುತ್ತಾರೆ, ನಾನೂ ಎಷ್ಟೋ ಜನರಿಗೆ ಹೇಳಿದ್ದೇನೆ. ಹೋಗದ ಪ್ರತಿ ಎಷ್ಟು ಅಗ್ಗವಾದರೇನು?

ಬರಿಯ ಓದುಗ

ಪೆಂಗ್ವಿನ್ ಸಾವಿರಗಟ್ಟಲೆ ಹಾಕಿ ಗೆಲ್ಲಲಿಲ್ಲವೇ? 1935ರಲ್ಲಿ ತಲಾ ಆರು ಪೆನ್ಸಿನ ಹತ್ತು ಪುಸ್ತಕ.

ಹಳೆಯ ಹಾಳೆ

ಗೆದ್ದದ್ದು ವೂಲ್‌ವರ್ತ್ಸ್ ಮಳಿಗೆಗಳು 63,500 ಪ್ರತಿಗಳಿಗೆ ಬೇಡಿಕೆ ಕೊಟ್ಟ ಮೇಲೆ. ಅಲ್ಲಿಯವರೆಗೆ ಪುಸ್ತಕ ವ್ಯಾಪಾರಿಗಳಿಂದ ಬಂದ ಬೇಡಿಕೆ ಪೆಂಗ್ವಿನ್ ಸ್ಥಾಪಕ ಅಲೆನ್ ಲೇನ್‌ಗೆ ಸಾಲುವಷ್ಟಿರಲಿಲ್ಲ. ಕೊಳ್ಳುವವರನ್ನು ಮೊದಲು ಹುಡುಕಿಕೊಂಡು ಪ್ರತಿಗಳನ್ನು ಹಾಕುವುದು ಬೇರೆ, ಹಾಕಿ ಹುಡುಕುವುದು ಬೇರೆ.

ಅಚ್ಚಿನ ಮನೆ

ಮುಂದಿನ ಪುಸ್ತಕಕ್ಕೆ ಹೀಗೆ ಗೊತ್ತು ಮಾಡಿದ್ದೇನೆ. 300 ಪ್ರತಿ. ನೇರವಾಗಿ ಹದಿನೈದು ಅಂಗಡಿಗಳಿಗೆ, ಮುಖಬೆಲೆಯಲ್ಲಿ ನೂರಕ್ಕೆ 50 ಅವರಿಗೆ ಬಿಟ್ಟು, ಪುಸ್ತಕಕ್ಕೆ ಪುಸ್ತಕ ಬದಲಾವಣೆಯ ಷರತ್ತಿನ ಮೇಲೆ. ಮೂರನೆಯ ಕಪಾಟಿನವರೇ, ನಿಮ್ಮ ಮೂರು ಪ್ರತಿ ಬರೆದುಕೊಂಡಿದ್ದೇನೆ. ವಿತರಕರಿಗೆ ಕಾಲು ಭಾಗ ಮಾತ್ರ, ಅದರ ಹಣವನ್ನು ಬೇರೆ ಖಾತೆಯಲ್ಲಿ ಇಡುತ್ತೇನೆ. ಕೊಂಡಿಟ್ಟ ಕಾಗದ ಸಾವಿರಕ್ಕೆ ಸಾಕಾಗುವಷ್ಟಿದೆ. ಉಳಿದದ್ದನ್ನು ಅದರ ನಂತರದ ಪುಸ್ತಕಕ್ಕೆ ಎತ್ತಿಡುತ್ತೇನೆ.

ಇನ್ನು ಉಳಿದದ್ದು ಹಜಾರದ ಏಡಿಗಳು. ಆ ಅಂಟು ಬಿಡಿಸುವುದು ಹೇಗೆ?

ಮೂರನೆಯ ಕಪಾಟು

ಮುಖಪುಟಕ್ಕೆ ಲ್ಯಾಮಿನೇಷನ್ ಆಗಿದ್ದರೆ ಹತ್ತಿಗೆ ಒಂದೇ ಹನಿ ಅಡುಗೆ ಎಣ್ಣೆ ಹಚ್ಚಿ, ಅಂಟಿನ ಮೇಲೆ ಎರಡು ನಿಮಿಷ ಬಿಟ್ಟು, ಒಣಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ. ಲ್ಯಾಮಿನೇಷನ್ ಇಲ್ಲದಿದ್ದರೆ ಎಣ್ಣೆ ಮುಟ್ಟಿಸಬೇಡಿ, ಕಲೆ ನಿಲ್ಲುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉರುಳಿಸಿ ತೆಗೆಯಿರಿ.

ಅಚ್ಚಿನ ಮನೆ

ಲ್ಯಾಮಿನೇಷನ್ ಇದೆ. ಈಗಷ್ಟೇ ಒಂದು ಪ್ರತಿಗೆ ಮಾಡಿ ನೋಡಿದೆ. ಪೂರ್ತಿ ಬಂತು.